ತಾಟಿನ ಮೇಲಿನ ಕೈ

ಆಳಂದದಲ್ಲಿ ಕಸ್ತೂರಿಬಾಯಿಯನ್ನು ಊಟಕ್ಕೆ ಕರೆಯುವುದನ್ನು ಜನ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕರೆದರೆ ಬರುತ್ತಿದ್ದಳು, ಅದೇ ತೊಂದರೆ. ಬಂದವಳು ಸುಮ್ಮನೆ ಕೂತು ಉಂಡು ಹೋಗುವ ಹೆಣ್ಣಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅಡುಗೆಮನೆಗೆ ನುಗ್ಗುವಳು, ಮುಚ್ಚಳ ತೆಗೆದು ಮೂಸುವಳು, ಒಗ್ಗರಣೆ ಯಾವ ಎಣ್ಣೆಯದೆಂದು ಕೇಳುವಳು. ಮನೆಯೊಡತಿ ಉತ್ತರ ಹುಡುಕುವುದರೊಳಗೆ ಇವಳ ತೀರ್ಪು ಆಗಿಹೋಗಿರುತ್ತಿತ್ತು. "ಒಳಕಲ್ಲಿನ್ಯಾಗ ಶೇಂಗಾ ಕುಟ್ಟಿ ತೊಳದೇ ಇಲ್ಲ ನೀ. ವಾಸನಿ ಬರಾಕತ್ತದ. ಇಂಥಾ ಮನಿಗಿ ಮಂದಿನ್ನ ಯಾಕ ಕರೀತಿ ಬೇ?"

ಹೊರಗೆ ಪಂಕ್ತಿಯಲ್ಲಿ ಕೂತ ಗಂಡ ದೊಡ್ಡಪ್ಪ ತಲೆ ತಗ್ಗಿಸಿ ಪತ್ರೋಳಿ ಎಲೆಯ ಅಂಚು ಹರಿಯುತ್ತಿದ್ದ. ತೊಗರಿ ಅಡತಿ ಅಂಗಡಿಯಲ್ಲಿ ಮುನೀಮಕಿ ಮಾಡುವ, ಲೆಕ್ಕ ಬರೆಯುವ ಮೆತ್ತಗಿನ ಮನುಷ್ಯ. ಹೆಂಡತಿ ಹಾದುಹೋದ ಹಾದಿಯಲ್ಲೇ ಹಿಂದಿನಿಂದ ಹೋಗಿ, "ಆಕಿದು ತಲಿ ಜರಾ ಗರಂ ಅದರಿ, ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ" ಎಂದು ಕೈಮುಗಿಯುವುದು ಅವನ ಎರಡನೆಯ ನೌಕರಿಯಾಗಿತ್ತು. ಇದಕ್ಕೆ ಪಗಾರ ಇರಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಓಣಿಯ ಹಿರಿಯರು ಅವಳಿಗೆ ಕೇಳುವ ಹಾಗೆ ಅನ್ನುತ್ತಿದ್ದರು. ಆ ಗಾದೆ ಕಟ್ಟಿದವನ ಮನೆಯಲ್ಲಿ ಅಣವೀರನಂಥ ಮಗ ಹುಟ್ಟಿರಲಿಲ್ಲ, ಅಷ್ಟೆ.

ಅಣವೀರ ಕಸ್ತೂರಿಬಾಯಿಯ ಒಬ್ಬನೇ ಮಗ. ಅವನಿಗೆ ಶೇಂಗಾ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ಹೊಟ್ಟೆ ಉಬ್ಬರಿಸುವುದು, ಮೈ ತುರಿಸುವುದು ಅಷ್ಟಕ್ಕೇ ಮುಗಿಯುವ ಮಾತಲ್ಲ. ಒಂದು ಕಾಳು ಹೊಟ್ಟೆಗೆ ಹೋದರೆ ತುಟಿ ಬಾತು, ಕಣ್ಣು ಮುಚ್ಚಿ, ಗಂಟಲು ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಇಂಥ ಮಗ ಹುಟ್ಟುವುದಕ್ಕೆ ಬೇರೆ ಊರು ಸಿಗಲಿಲ್ಲವೇ ಎಂದು ಕೇಳಬೇಕು. ಈ ಸೀಮೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಬದನೆಕಾಯಿಯೊಳಗೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಕರಿಯಲಿಕ್ಕೆ ಶೇಂಗಾ ಎಣ್ಣೆ. ಬಸ್ಸಿನಲ್ಲಿ ಪಕ್ಕದವನು ಪುಡಿಕೆ ಬಿಚ್ಚಿದರೆ ಅದರಲ್ಲೂ ಶೇಂಗಾ. ಬಡವನ ಮನೆಯಲ್ಲಿ ಹಾಲಿಲ್ಲದಿದ್ದರೂ ನಡೆಯುತ್ತದೆ, ಶೇಂಗಾ ಇಲ್ಲದಿದ್ದರೆ ಪಲ್ಯ ಕುದಿಯುವುದಿಲ್ಲ.

ಕಸ್ತೂರಿಬಾಯಿ ಹುಟ್ಟಾ ಜಗಳಗಂಟಿಯಲ್ಲ. ನಿಂಬರ್ಗಾದ ತವರಿನಲ್ಲಿ ಈ ಹುಡುಗಿಗೆ ಬಾಯಿ ಇದೆಯೋ ಇಲ್ಲವೋ ಎಂದು ನೆರೆಹೊರೆಯವರಿಗೆ ಅನುಮಾನವಿತ್ತು. ಶೇಂಗಾ ಎಂದರೆ ಅವಳಿಗೆ ಜೀವ. ಹೊಲದಲ್ಲಿ ಗಿಡ ಕಿತ್ತು, ಅಲ್ಲೇ ಬೆಂಕಿ ಮಾಡಿ ಸುಟ್ಟು, ಉಡಿಯಲ್ಲಿ ತುಂಬಿಕೊಂಡು ಸಂಜೆಯತನಕ ತಿನ್ನುವವಳು. ಅವ್ವ ಶೇಂಗಾ ಹೋಳಿಗೆ ಮಾಡಿದ ದಿನ ಊಟ ಬಿಟ್ಟು ಬರೀ ಹೋಳಿಗೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಆಳಂದಕ್ಕೆ ಬಂದಾಗ ಅತ್ತೆ ಹೊಗಳಿದ್ದು ಒಂದೇ ಗುಣವನ್ನು, ಸೊಸೆ ಎದುರು ಮಾತಾಡುವುದಿಲ್ಲ ಎಂದು.

ಮೊದಲ ಸಲ ಗೊತ್ತಾದದ್ದು ಮಟಕಿ ಊರಿನ ಒಂದು ಮದುವೆಯಲ್ಲಿ. ಅಣವೀರನಿಗೆ ಆಗ ಒಂದೂವರೆ ವರ್ಷ. ಯಾರೋ ಮುದುಕಿ ಪ್ರೀತಿಯಿಂದ ಶೇಂಗಾ ಉಂಡೆ ಮುರಿದು ಬಾಯಿಗಿಟ್ಟಳು. ಕೂಸಿನ ಮುಖ ಗುರುತು ಸಿಗದ ಹಾಗೆ ಬಾತಿತು. ದೃಷ್ಟಿ ತೆಗೆದರು, ಮೆಣಸಿನಕಾಯಿ ಸುಟ್ಟರು, ಚೇಳು ಕಡಿದಿರಬೇಕೆಂದು ಅಂಗಿ ಬಿಚ್ಚಿ ಝಾಡಿಸಿದರು. ಕಡೆಗೆ ಆಳಂದದ ದವಾಖಾನೆಯಲ್ಲಿ ಡಾಕ್ಟರು ಸೂಜಿ ಮಾಡಿ, ಏನು ತಿನ್ನಿಸಿದಿರಿ ಎಂದು ಕೇಳಿ, ಹೇಳಿದರು: "ಈ ಹುಡುಗಗ ಶೇಂಗಾ ವಿಷ ಅಂತ ತಿಳಕೊಳ್ರಿ. ವಾಸನಿಗೂ ಹತ್ತರ ಬಿಡಬ್ಯಾಡ್ರಿ."

ಮನೆಯವರು ನಂಬಲಿಲ್ಲ. ಗಂಡನ ಅಕ್ಕ ಸುಂದರಬಾಯಿಯಂತೂ ನಕ್ಕೇಬಿಟ್ಟಳು. ಅಫಜಲಪುರದ ದೊಡ್ಡ ಒಕ್ಕಲುತನದ ಮನೆಗೆ ಕೊಟ್ಟ ಹೆಣ್ಣು. ಹತ್ತು ಜನರಿಗೆ ಉಣ್ಣಿಸಿ ಹೆಸರು ತೆಗೆದುಕೊಂಡವಳು. "ಶೇಂಗಾಕ್ಕ ಯಾರರೆ ಸಾಯ್ತಾರೇನ? ನಮ್ಮ ಹೊಲದಾಗ ಇಲಿ ಸೈತ ಅದನ್ನ ತಿಂದ ಬದುಕ್ಯಾವ" ಎಂದಳು.

ಅದೇ ಸುಂದರಬಾಯಿಯ ಮನೆಯಲ್ಲಿ, ಎರಡು ವರ್ಷದ ನಂತರ, ಮೊಮ್ಮಗಳ ಹೆಸರಿಡುವ ಕಾರ್ಯ. ಇಲ್ಲಿ ನಮ್ಮ ಜನರ ಒಂದು ಪದ್ಧತಿ ಹೇಳಬೇಕು. ನೀಡುವವರು ಬಂದಾಗ ಉಣ್ಣುವವರು "ಬ್ಯಾಡ್ರಿ, ಸಾಕ್ರಿ" ಅನ್ನಬೇಕು. ಅನ್ನದಿದ್ದರೆ ಹಸಿದು ಬಂದವರು ಎಂದಾಗುತ್ತದೆ. ನೀಡುವವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು. ಹಾಕಿಕೊಂಡರೆ ಜಿಪುಣರು ಎಂದಾಗುತ್ತದೆ. ಮೂರು ಸಲ ಬೇಡ ಅಂದವರ ತಾಟಿಗೆ ನಾಲ್ಕನೆಯ ಸಲ ಎರಡು ಹೋಳಿಗೆ ಬೀಳುತ್ತವೆ, ಮೇಲೊಂದು ಮಿಳ್ಳಿ ತುಪ್ಪ. ಮರ್ಯಾದೆಯ ಬೇಡ ಎಂದರೆ ಹೂಂ ಎಂದೇ ಲೆಕ್ಕ. ಇದು ಹುಟ್ಟಿದಾಗಿನಿಂದ ಗೊತ್ತಿದ್ದೂ ಕಸ್ತೂರಿಬಾಯಿ ಆ ದಿನ ಮರ್ಯಾದೆ ಬಿಡಲಿಲ್ಲ.

"ಬ್ಯಾಡ್ರಿ ಅಕ್ಕಾರ, ಕೂಸಿಗಿ ಬ್ಯಾಡ್ರಿ," ಎಂದಳು ಮೆಲ್ಲಗೆ. ನಗುತ್ತಲೇ ಎಂದಳು. ಮೂರು ಸಲ ಎಂದಳು. ಸುಂದರಬಾಯಿಯೂ ನಕ್ಕಳು. "ಎಷ್ಟ ನಾಚಿಕಿ ನಿಂದು!" ಎಂದು ಕೂಸಿನ ಮೊಸರನ್ನಕ್ಕೆ ಶೇಂಗಾ ಹಿಂಡಿ ಕಲಸಿ, ಕಸ್ತೂರಿಬಾಯಿ ನೀರಿನ ತಂಬಿಗೆಗೆ ಕೈಚಾಚಿದ ಹೊತ್ತಿನಲ್ಲಿ ತುತ್ತು ಇಟ್ಟೇಬಿಟ್ಟಳು.

ಅಫಜಲಪುರದಲ್ಲಿ ಒಂದು ಸೂಜಿ ಮಾಡಿ, ಗುಲಬರ್ಗಾಕ್ಕೆ ಓಡಿಸಿರಿ ಎಂದರು. ಬಸ್ಸು ಹೋಗಿಬಿಟ್ಟಿತ್ತು. ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು ಗೌಸಮೊಹಿದ್ದೀನನ ಬಾಡಿಗೆ ಜೀಪು. ಅವನು ಕೂತಿದ್ದ ಗಿರಾಕಿಗಳನ್ನು ಇಳಿಸಿ, ಒಂದು ಮಾತೂ ಕೇಳದೆ ಓಡಿಸಿದ. ಹಾದಿಯುದ್ದಕ್ಕೂ ಕಸ್ತೂರಿಬಾಯಿ ಮಗನ ಎದೆಯ ಮೇಲೆ ಕೈಯಿಟ್ಟು, ಉಸಿರು ಏರುತ್ತದೋ ಇಲ್ಲವೋ ಎಂದು ನೋಡುತ್ತ ಕೂತಿದ್ದಳು. ಎರಡು ಸಲ ಏರಲಿಲ್ಲ. ಮೂರನೆಯ ಸಲ ಏರಿತು. ಮಗ ಉಳಿದ. ಅವಳ ಮರ್ಯಾದೆ ಮಾತ್ರ ಆ ಜೀಪಿನಿಂದ ಇಳಿಯಲಿಲ್ಲ.

ನೋಡಲಿಕ್ಕೆ ಬಂದ ಸುಂದರಬಾಯಿ ದವಾಖಾನೆಯ ಬಾಗಿಲಲ್ಲಿ, "ನೀ ಬ್ಯಾಡ ಅಂದಿದ್ದು ಖರೇನ ಬ್ಯಾಡ ಅಂತ ನನಗ್ಹ್ಯಾಂಗ ಗೊತ್ತಾಗಬೇಕ?" ಎಂದಳು. ಅದು ಸುಳ್ಳಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಆದರೆ ಕಸ್ತೂರಿಬಾಯಿಗೆ ಗೊತ್ತಾಯಿತು. ಈ ಸೀಮೆಯಲ್ಲಿ ಮೆತ್ತಗೆ ಹೇಳಿದ ಬೇಡ ತನ್ನ ಮಗನನ್ನು ಕೊಲ್ಲುತ್ತದೆ. ನೀಡುವ ಕೈಯನ್ನು ತಡೆಯುವುದು ಒಂದೇ ಒಂದು, ಅದು ಬೈಗುಳ. ಅಂದಿನಿಂದ ಅವಳು ಬೈಯುವುದನ್ನು ಕಲಿತಳು, ಶ್ರದ್ಧೆಯಿಂದ ಕಲಿತಳು. ಯಾರಾದರೂ ಮಗನ ತಾಟಿನ ಹತ್ತಿರ ಬಂದರೆ ಓಣಿಗೆ ಕೇಳುವ ಹಾಗೆ ಕೂಗುವಳು: "ಕೈ ತಗೀರಿ! ನನ್ನ ಮಗನ ತಾಟಿಗೆ ಯಾರ ಕೈಯೂ ಬರಬಾರದು!"

ಮನೆಯಿಂದ ಶೇಂಗಾ ಗಡೀಪಾರಾಯಿತು. ತಾನೂ ಬಿಟ್ಟಳು. ಅಡತಿಯಲ್ಲಿ ಗೆಳೆಯರ ಜೊತೆ ಮುಕ್ಕಿ ಬಂದ ದೊಡ್ಡಪ್ಪನನ್ನು ಅಂಗಳದಲ್ಲೇ ನಿಲ್ಲಿಸಿ, ಬಾಯಿ ಮುಕ್ಕಳಿಸಿ ಕೈ ತಿಕ್ಕಿ ತೊಳೆದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಚಿಕ್ಕಿ ಹಂಚುತ್ತಾರೆಂದು ಗೊತ್ತಾಗಿ, ಝಂಡಾ ಏರುವ ಹೊತ್ತಿಗೆ ಹೋಗಿ ಹೆಡ್‌ಮಾಸ್ತರರ ಕೈಯೊಳಗಿನ ಡಬ್ಬಿಯನ್ನೇ ಕಸಿದುಕೊಂಡಳು. ಮಕ್ಕಳು ಅಣವೀರನನ್ನು "ಏ ಶೇಂಗಾ" ಎಂದು ಕರೆಯಲು ಶುರು ಮಾಡಿದ್ದು ಆವತ್ತಿನಿಂದ.

ಇಡೀ ಓಣಿಯಲ್ಲಿ ಅವಳು ಜಗಳವಾಡದೆ ಉಳಿದದ್ದು ಗೋಡೆಯಾಚೆಯ ಪೀರಬಿಯ ಜೊತೆ ಮಾತ್ರ. ಪೀರಬಿ ಯಾಕೆ, ಹೇಗೆ ಎಂದು ಒಂದು ಸಲವೂ ಕೇಳಲಿಲ್ಲ. "ನಮ್ಮಲ್ಲೂ ಬ್ಯಾಡ ಅಂದದ್ದು ಬ್ಯಾಡ ಬೇ. ರುಚಿ ನೋಡಿ ಖಾತ್ರಿ ಮಾಡ್ಕೊಂತಾರೇನ ಯಾರರೆ?" ಎಂದು ಅಣವೀರನಿಗಾಗಿ ಬೇರೆ ಹಂಚು ಇಟ್ಟು, ಕುಸುಬಿ ಎಣ್ಣೆ ತರಿಸಿದಳು. ಹುಡುಗ ಅವಳ ಮನೆಯಲ್ಲಿ ರೊಟ್ಟಿ ತಿನ್ನುತ್ತಾನೆಂಬ ಸುದ್ದಿ ಅಫಜಲಪುರ ಮುಟ್ಟಿತು. ಜಾತಿ ಕೆಡಿಸಿದೆಯಲ್ಲ ಎಂದು ಸುಂದರಬಾಯಿ ಹೇಳಿ ಕಳಿಸಿದಳು. ಕಸ್ತೂರಿಬಾಯಿ ತಿರುಗಿ ಹೇಳಿ ಕಳಿಸಿದ್ದು ಹೀಗೆ: "ಜಾತಿ ಕೆಟ್ಟರ ಮಗಾ ಸಾಯಂಗಿಲ್ಲ. ನಿಮ್ಮ ಮನಿಯಾಗ ಉಂಡರ ಸಾಯ್ತಾನ."

ನಾದಿನಿ ಅತ್ತಿಗೆಯರ ನಡುವೆ ಆರು ವರ್ಷ ಮಾತು ನಿಂತಿತು.

ಮಾತು ಮತ್ತೆ ಶುರುವಾದದ್ದು ತೊಂಬತ್ತೇಳರ ಬೇಸಿಗೆಯಲ್ಲಿ. ಸುಂದರಬಾಯಿಯ ಗಂಡ ದೌಲತರಾಯನಿಗೆ ತನ್ನ ಕಿರಿಮಗ ಹತ್ತನೆಯ ಇಯತ್ತೆ ಪಾಸಾದ ಖುಷಿ. ಸೋಲಾಪುರದ ಆಚೆ ಹೊಸದಾಗಿ ಒಂದು ಮೋಜಿನ ಪಾರ್ಕು ತೆರೆದಿತ್ತು. ನೀರಿನ ಜಾರುಬಂಡಿ, ಮೋಡ ಮುಟ್ಟುವ ತೊಟ್ಟಿಲು, ಬಾಯಿ ತೆರೆದ ಸಿಮೆಂಟಿನ ರಾಕ್ಷಸ, ಆ ಬಾಯಿಯೊಳಗೇ ಹೋಟೆಲು. ದೌಲತರಾಯ ಒಂದು ಟೆಂಪೋ ಗೊತ್ತು ಮಾಡಿ, ಬೀಗರು ಬಿಜ್ಜರನ್ನೆಲ್ಲ ಸೇರಿಸಿ, ಆಳಂದಕ್ಕೂ ಹೇಳಿ ಕಳಿಸಿದ.

"ನಾವು ಬರಂಗಿಲ್ಲ," ಎಂದಳು ಕಸ್ತೂರಿಬಾಯಿ.

ಅಣವೀರನಿಗೆ ಆಗ ಹತ್ತು ವರ್ಷ. ಅವ್ವ ಬೈದು ಬೆಳೆಸಿದ ಮಗ ಅಪ್ಪನ ಹಾಗೆ ಮೆತ್ತಗಿದ್ದ. ಒಂದು ಜಾತ್ರೆ ನೋಡಿದವನಲ್ಲ, ಒಂದು ಮದುವೆಯಲ್ಲಿ ಪಂಕ್ತಿಗೆ ಕೂತವನಲ್ಲ. ಎರಡು ದಿನ ಉಪವಾಸ ಬಿದ್ದ. ಮೂರನೆಯ ದಿನ ಬಂದು ಅವ್ವನ ಮುಂದೆ ನಿಂತ. "ನಾ ಯಾರ ಕೈಲೇ ಏನೂ ತಿನ್ನಂಗಿಲ್ಲ. ನೀ ಮಾಡಿದ ಬುತ್ತೀನೇ ತಿಂತೇನಿ. ತಾಟು ಮುಚ್ಚಿಕೊಂಡು ಕುಂದರ್ತೇನಿ. ಖರೇ. ಆದ್ರ ನೀ ಅಲ್ಲಿ ಜಗಳಾ ಮಾಡಬ್ಯಾಡ ಯವ್ವ. ಒಂದಿನ. ಎಲ್ಲಾರೂ ನನ್ನ ನೋಡ್ತಾರ."

ತನ್ನ ಬಾಯಿಯಿಂದ ಮಗ ಬದುಕಿದ್ದಾನೆ ಎಂದು ಕಸ್ತೂರಿಬಾಯಿ ತಿಳಿದಿದ್ದಳು. ಅದೇ ಬಾಯಿಗೆ ಅವನು ನಾಚಿಕೊಳ್ಳುತ್ತಾನೆಂದು ಅವಳಿಗೆ ಹೊಳೆದಿರಲಿಲ್ಲ. ಜಗಳ ಮಾಡುವುದಿಲ್ಲ ಎಂದು ಮಾತು ಕೊಟ್ಟಳು. ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ, ತೊಗರಿಬೇಳೆ ಹಾಕಿದ ಪುಂಡಿಪಲ್ಯ, ಗಟ್ಟಿ ಮೊಸರು ಕಟ್ಟಿಕೊಂಡಳು. ಡಾಕ್ಟರು ಕೊಟ್ಟ ಗುಳಿಗೆಯ ಪೊಟ್ಟಣವನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು.

ಟೆಂಪೋದ ಡ್ರೈವರ್ ಗೌಸಮೊಹಿದ್ದೀನ. ಅಣವೀರನ ಗಲ್ಲ ಹಿಡಿದು, "ಅವತ್ತಿನ ಕೂಸೇನ್ರಿ ಇದು? ಮಾಶಾಲ್ಲಾ, ಗಂಡಸಾಗ್ಯಾನ!" ಎಂದ. ಸುಂದರಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ತೊಡೆಯ ಮೇಲೆ ಒಂದು ದೊಡ್ಡ ಹಿತ್ತಾಳೆ ಡಬ್ಬಿ. ಅದರಲ್ಲೇನಿದೆ ಎಂದು ಕೇಳುವ ಅಗತ್ಯ ಕಸ್ತೂರಿಬಾಯಿಗೆ ಇರಲಿಲ್ಲ. ಶೇಂಗಾ ಹೋಳಿಗೆಯ ವಾಸನೆ ಇಡೀ ಟೆಂಪೋ ತುಂಬಿತ್ತು. ಮಗನನ್ನು ಮುಂದೆ ಡ್ರೈವರನ ಪಕ್ಕ ಕೂಡಿಸಿ, ತಾನು ನಡುವೆ ಕೂತಳು. ಬಾಯಿಗೆ ಸೆರಗು ಅಡ್ಡ ಹಿಡಿದು ಅಕ್ಕಲಕೋಟ ದಾಟುವತನಕ ಸುಮ್ಮನಿದ್ದಳು. ಅಷ್ಟು ಹೊತ್ತು ಸುಮ್ಮನಿದ್ದದ್ದು ಅವಳ ಮಟ್ಟಿಗೆ ದೊಡ್ಡ ತಪಸ್ಸೇ.

ತಪಸ್ಸು ಪಾರ್ಕಿನ ಗೇಟಿನಲ್ಲಿ ಮುರಿಯಿತು. ಖಾಕಿ ಅಂಗಿಯವನೊಬ್ಬ ಕೋಲು ಅಡ್ಡ ಹಿಡಿದು, "ಬಾಹೇರಚಂ ಖಾಣಂ ಚಾಲಣಾರ ನಾಹೀ" ಎಂದ. ಹೊರಗಿನ ತಿನಿಸು ನಡೆಯುವುದಿಲ್ಲ, ಬುತ್ತಿ ಇಲ್ಲೇ ಇಡಿ, ಒಳಗೆ ಹೋಟೆಲಿದೆ, ಅಲ್ಲಿ ತಿನ್ನಿ ಎಂದು. ಬೋರ್ಡು ತೋರಿಸಿದ. ದೌಲತರಾಯ ದೊಡ್ಡ ಮನುಷ್ಯನ ಗತ್ತಿನಲ್ಲಿ ಮೀಸೆ ತಿರುವಿ ನೋಡಿದ, ಆಗಲಿಲ್ಲ. ಸುಂದರಬಾಯಿ ಡಬ್ಬಿ ಎದೆಗವಚಿಕೊಂಡು ಅಳುಮೋರೆ ಮಾಡಿದಳು. ದೊಡ್ಡಪ್ಪ ಆಗಲೇ ಗಂಟು ಬಿಚ್ಚಿ ಕೊಡಲು ಹೊರಟಿದ್ದ.

ಕಸ್ತೂರಿಬಾಯಿ ಮಗನ ಮುಖ ನೋಡಿದಳು. ಅಣವೀರ ಬೇಡ ಎಂದು ತಲೆಯಾಡಿಸಿದ. ಅವಳು ಮೊದಲು ಮೆತ್ತಗೇ ಹೇಳಿದಳು. ಗಡಿಯ ಹೆಣ್ಣುಮಗಳು, ಮರಾಠಿ ನೀರು ಕುಡಿದ ಹಾಗೆ ಬರುತ್ತಿತ್ತು. ಮಗನಿಗೆ ಶೇಂಗಾ ಆಗುವುದಿಲ್ಲಪ್ಪ, ಇದೊಂದು ಗಂಟು ಬಿಡು ಎಂದಳು. ಗೇಟಿನವನು ನಕ್ಕ. "ಶೇಂಗಾಕ್ಕೆ ಯಾರಾದರೂ ಸಾಯುತ್ತಾರೇನು ಬಾಯಿ?" ಎಂದು ಕೇಳಿದ.

ಈ ಮಾತನ್ನು ಇನ್ನೊಬ್ಬರ ಬಾಯಿಂದ ಅವಳು ಮೊದಲೇ ಕೇಳಿದ್ದಳು. ಮಗನಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

"ಸಾಯ್ತಾರೋ ಇಲ್ಲೋ ನೋಡಬೇಕೇನಲೇ? ನಿನ್ನ ಹೆಣ ಇಲ್ಲೇ ಬೀಳ್ಲಿ, ಕರಿ ನಿಮ್ಮ ಸಾಹೇಬನ್ನ!" ಎಂದು ಕನ್ನಡದಲ್ಲೇ ಶುರು ಮಾಡಿದಳು. ಬೈಗುಳಕ್ಕೆ ಮರಾಠಿ ಸಾಲಲಿಲ್ಲ. ಸಾಹೇಬ ಬಂದ. ಟೈ ಕಟ್ಟಿದ ಎಳೆ ಹುಡುಗ. ನಮ್ಮ ಹೋಟೆಲು ಸ್ವಚ್ಛ, ಎಲ್ಲಾ ತಾಜಾ, ನೀವು ಚಿಂತೆ ಮಾಡಬೇಡಿ ಎಂದ. "ಹಂಗಾದ್ರ ಅಡಗಿಯವನ್ನ ಕರಿ," ಎಂದಳು. ಸಾಲು ಬೆಳೆಯುತ್ತಿತ್ತು, ಹಿಂದಿನವರು ಕೂಗುತ್ತಿದ್ದರು. ಸಾಹೇಬ ಬೇಸತ್ತು ಅಡುಗೆಯವನನ್ನು ಕರೆಸಿದ. ಬೊಜ್ಜಿನ ಮೇಲೆ ಟಾವೆಲ್ ಸುತ್ತಿದ, ಬೆವರಿದ ಮನುಷ್ಯ.

ಕಸ್ತೂರಿಬಾಯಿ ಕೇಳಿದ್ದು ಒಂದೇ ಪ್ರಶ್ನೆ. ಅಡುಗೆಗೆ ಶೇಂಗಾ ಹಾಕುತ್ತೀಯೇನು?

ಸೋಲಾಪುರದ ಅಡುಗೆಯವನಿಗೆ ಹೀಗೆ ಯಾರಾದರೂ ಕೇಳಿದರೆ ಅದು ಅನುಮಾನದ ಪ್ರಶ್ನೆ. ಶೇಂಗಾ ಉಳಿಸಿ ಬರೀ ನೀರು ಕುದಿಸುತ್ತೀಯೇನು ಎಂದು ಕೇಳಿದ ಹಾಗೆ. ಅವನಿಗೆ ಅವಮಾನವಾಯಿತು. ಸಾಹೇಬನ ಎದುರಿಗೇ ಎದೆ ಬಡಿದುಕೊಂಡು ಆಣೆ ಇಟ್ಟ. ಭಾಜಿಗೆ ಹಾಕುತ್ತೇನೆ, ಖಿಚಡಿಗೆ ಹಾಕುತ್ತೇನೆ, ಕೋಶಿಂಬಿರಿಗೆ ಹಾಕುತ್ತೇನೆ, ಆಮಟಿ ಸಾರಿಗೂ ಒಂದು ಮುಷ್ಟಿ ಹಾಕುತ್ತೇನೆ, ನನ್ನ ಕೈಯಲ್ಲಿ ಕಂಜೂಸಿ ಇಲ್ಲ, ಬೇಕಾದರೆ ಬಂದು ನೋಡಿ! ಎಣ್ಣೆಯೂ ಅಸಲೀ ಶೇಂಗಾದ್ದೇ ಎಂದು ಬೇರೆ ಸೇರಿಸಿದ.

"ಕೇಳಿದ್ಯಾ?" ಎಂದಳು ಕಸ್ತೂರಿಬಾಯಿ ಸಾಹೇಬನಿಗೆ. "ಇನ್ನ ನನ್ನ ಮಗನ್ನ ಎಲ್ಲಿ ಹುಗೀತಿ, ಆ ರಾಕ್ಷಸನ ಬಾಯಾಗೋ, ಅದರ ಹೊರಗೋ?"

ಟೈನವನು ಸೋತ. ಅವಳ ಗಂಟೊಂದನ್ನೇ ಬಿಡಲು ಹೋದರೆ ಉಳಿದವರು ಗಲಾಟೆ ಎಬ್ಬಿಸುತ್ತಾರೆಂದು, "ಎಲ್ಲಾ ತಗೊಂಡು ಹೋಗಿ, ಎಲ್ಲರೂ ಹೋಗಿ, ಹಾದಿ ಬಿಡಿ" ಎಂದು ಕೈ ಬೀಸಿದ. ಟೆಂಪೋದಲ್ಲಿ ಬಂದಿದ್ದ ಅಷ್ಟೂ ಗಂಟುಗಳು ಕಸ್ತೂರಿಬಾಯಿಯ ಹಿಂದೆ ಮೆರವಣಿಗೆ ಹೊರಟವು. ಅವುಗಳ ನಡುವೆ ಸುಂದರಬಾಯಿಯ ಹಿತ್ತಾಳೆ ಡಬ್ಬಿಯೂ ಇತ್ತು. ಅಣವೀರ ಮಾತ್ರ ಅವ್ವನ ಪಕ್ಕ ನಡೆಯಲಿಲ್ಲ. ಅಪ್ಪನ ಕೈಹಿಡಿದು ದೂರ ದೂರ ನಡೆದ.

ಮಧ್ಯಾಹ್ನ ರಾಕ್ಷಸನ ಬಾಯಿಯ ನೆರಳಲ್ಲಿ, ಹೋಟೆಲಿನ ಟೇಬಲುಗಳನ್ನು ಬಿಟ್ಟು ನೆಲದ ಮೇಲೆಯೇ ಜಮಖಾನೆ ಹಾಸಿ ಎಲ್ಲರೂ ಬುತ್ತಿ ಬಿಚ್ಚಿದರು. ಮೇಲೆ ಸಿಮೆಂಟಿನ ಕೋರೆಹಲ್ಲುಗಳು ತೂಗುತ್ತಿದ್ದವು. ಅಣವೀರ ಇನ್ನೂ ನೀರಿನಲ್ಲಿದ್ದ. ಮೇಲಿನಿಂದ ಜಾರಿ ಬಂದು ಬುಳಕ್ಕನೆ ಬೀಳುವುದು, ಮತ್ತೆ ಮೆಟ್ಟಿಲೇರುವುದು, ಮತ್ತೆ ಬೀಳುವುದು. ಅವನು ಹಾಗೆ ನಗುವುದನ್ನು ಕಸ್ತೂರಿಬಾಯಿ ಯಾವತ್ತೂ ಕಂಡಿರಲಿಲ್ಲ. ಇವನನ್ನು ಇಷ್ಟು ವರ್ಷ ಮನೆಯಲ್ಲೇ ಕಟ್ಟಿಹಾಕಿದೆನಲ್ಲ ಎಂದು ಅವಳಿಗೆ ಒಮ್ಮೆಲೇ ದುಃಖವಾಯಿತು.

ಆಗ ಸುಂದರಬಾಯಿ ಬಂದು ಪಕ್ಕದಲ್ಲಿ ಕೂತಳು.

"ಖರೇ ಹೇಳ್ತೇನಿ ಕಸ್ತೂರಿ, ಇವತ್ತ ನಿನ್ನ ಬಾಯಿ ಇರಲಿಲ್ಲ ಅಂದ್ರ ನಾವೆಲ್ಲಾ ಆ ಡೊಳ್ಳಹೊಟ್ಟಿ ಅಡಗಿಯವನ ಕೈಯಾಗ ಬೀಳ್ತಿದ್ವಿ. ನಮ್ಮ ಮನಿ ಗೌಡರ ಮೀಸಿ ಏನೂ ಕೆಲಸಕ್ಕ ಬರಲಿಲ್ಲ ನೋಡು."

ಕಸ್ತೂರಿಬಾಯಿಗೆ ನಗು ಬಂತು. ತಡೆದುಕೊಂಡಳು, ಮತ್ತೆ ಬಂತು. ಇಷ್ಟು ವರ್ಷದಲ್ಲಿ ಅವಳ ಬಾಯಿಯನ್ನು ಒಬ್ಬರಾದರೂ ಹೊಗಳಿರಲಿಲ್ಲ.

"ಆರು ವರ್ಷ ಆತು ಬೇ ಮಾತ ಬಿಟ್ಟು," ಎಂದಳು ಸುಂದರಬಾಯಿ. ಅವಳ ದನಿ ತಗ್ಗಿತ್ತು. "ಅವತ್ತ ನಾ ತಿಳೀದ ಇಟ್ಟ ತುತ್ತು. ನಾ ಏನ ವೈರಿ ಇದ್ದೇನಿ?" ಎನ್ನುತ್ತ ಡಬ್ಬಿ ತೆಗೆದಳು. ಒಂದು ಹೋಳಿಗೆ ಮುರಿದು ಬಾಯಿಯ ಹತ್ತಿರ ಹಿಡಿದಳು. "ಬ್ಯಾಡ ಅನ್ನಬ್ಯಾಡ. ನಿನಗೇನ ಆಗ್ತದ? ಹುಡುಗ ಅಲ್ಲಿ ಹಾನ."

"ಬ್ಯಾಡ್ರಿ ಅಕ್ಕಾರ," ಎಂದಳು ಕಸ್ತೂರಿಬಾಯಿ. ಮೆತ್ತಗೆ ಎಂದಳು. ನಗುತ್ತ ಎಂದಳು. ಆ ಬೇಡ ಎಂಥದ್ದೆಂದು ಇಬ್ಬರಿಗೂ ಗೊತ್ತಿತ್ತು.

ಹುರಿದ ಶೇಂಗಾ, ಬೆಲ್ಲ, ಏಲಕ್ಕಿ. ನಿಂಬರ್ಗಾದ ಹೊಲ, ಉಡಿಯ ತುಂಬ ಸುಟ್ಟ ಕಾಯಿ, ಅವ್ವನ ಕೈ. ಕಸ್ತೂರಿಬಾಯಿಯ ಕಣ್ಣಲ್ಲಿ ನೀರು ಬಂತು. ಮೊದಲನೆಯ ಚೂರು ಸುಂದರಬಾಯಿ ತಿನ್ನಿಸಿದಳು. ಎರಡನೆಯದನ್ನು ತಾನೇ ಕೈಯಲ್ಲಿ ತೆಗೆದುಕೊಂಡಳು. ಮೂರನೆಯದನ್ನೂ ತೆಗೆದುಕೊಂಡಳು. ನಾದಿನಿ ಅತ್ತಿಗೆ ಇಬ್ಬರೂ ಯಾವುದೋ ಹಳೆಯ ಮದುವೆಯ ಮಾತೆತ್ತಿ ನಗಾಡಿದರು. ದೊಡ್ಡಪ್ಪ ನಂಬಲಾರದೆ ನೋಡುತ್ತ ಕೂತಿದ್ದ. ನಳ ದೂರವಿತ್ತು, ಬಿಸಿಲಿನಲ್ಲಿ ನೂರು ಹೆಜ್ಜೆ. ಕಸ್ತೂರಿಬಾಯಿ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡಳು. ನಮ್ಮ ಹೆಣ್ಣುಮಕ್ಕಳಿಗೆ ಸೆರಗಿಗೆ ಒರೆಸಿದ ಕೈ ಎಂದರೆ ತೊಳೆದ ಕೈ.

ಅಣವೀರ ನೀರು ತೊಟ್ಟಿಕ್ಕಿಸುತ್ತ ಓಡಿ ಬಂದ. ಹಸಿವಿಗೆ ನಡುಗುತ್ತಿದ್ದ. "ಯವ್ವ, ಬಾಳ ಹಸಿವಾಗ್ಯಾದ," ಎಂದು ಮುಂದೆ ಕೂತ. ಬೆಳಗಿನ ಸಿಟ್ಟು ಮರೆತಿದ್ದ. ಕಸ್ತೂರಿಬಾಯಿ ತನ್ನ ಗಂಟು ಬಿಚ್ಚಿ ರೊಟ್ಟಿ ಮುರಿದಳು, ಪುಂಡಿಪಲ್ಯ ಹಚ್ಚಿದಳು, ಮೊಸರಲ್ಲಿ ಅದ್ದಿದಳು. ಇಷ್ಟು ದೊಡ್ಡವನಾದರೂ ಇವತ್ತು ತಾನೇ ತಿನ್ನಿಸಬೇಕು ಅನ್ನಿಸಿತು. ತುತ್ತು ಎತ್ತಿದಳು. ಅವನು ಬಾಯಿ ತೆರೆದ.

ತೆರೆದ ಬಾಯಿ ಹಾಗೇ ನಿಂತಿತು. ಮೂಗು ಹಿಗ್ಗಿತು.

ಪಟ್ಟನೆ ಅವಳ ಕೈಗೆ ಹೊಡೆದ. ತುತ್ತು ಹಾರಿ ದೌಲತರಾಯನ ಧೋತರದ ಮೇಲೆ ಬಿತ್ತು. ಅಣವೀರ ಎರಡೂ ಕೈಗಳಿಂದ ತಾಟು ಮುಚ್ಚಿಕೊಂಡು, ರಾಕ್ಷಸನ ಬಾಯಿಯಿಡೀ ಪ್ರತಿಧ್ವನಿಸುವ ಹಾಗೆ ಕೂಗಿದ: "ಕೈ ತಗಿ ಬೇ! ನನ್ನ ತಾಟಿಗೆ ಯಾರ ಕೈಯೂ ಬರಬಾರದು! ಏನ ತಿಂದಿ ನೀ? ಏನ ತಿಂದಿ?"

ಸುತ್ತ ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ತನ್ನನ್ನು ಯಾರೂ ನೋಡಬಾರದೆಂದು ಎರಡು ದಿನ ಉಪವಾಸ ಬಿದ್ದಿದ್ದ ಹುಡುಗ ಯಾರ ಕಡೆಗೂ ನೋಡಲಿಲ್ಲ. ಅವ್ವನನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ಪ್ರೀತಿ ಇರಲಿಲ್ಲ, ನಂಬಿಕೆಯೂ ಇರಲಿಲ್ಲ.

"ಅಯ್ಯಯ್ಯ! ಹಡದವ್ವನ ಕೈಗಿ ಹೊಡೀತಾನಲ್ಲ!" ಎಂದಳು ಸುಂದರಬಾಯಿ. "ಏನ ಮಗನ್ನ ಬೆಳಸೀದಿ ಬೇ ಕಸ್ತೂರಿ!"

ಕಸ್ತೂರಿಬಾಯಿ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದಳು. ಶೇಂಗಾ, ಬೆಲ್ಲ, ಏಲಕ್ಕಿ. ಉಗುರಿನ ಸಂದಿಯಲ್ಲಿ ಹೂರಣ ಇನ್ನೂ ಕಂದಾಗಿ ಕಾಣುತ್ತಿತ್ತು. ಊರಲ್ಲಿರುವ ಎಲ್ಲರ ಕೈಯ ಮೇಲೂ ಅವಳು ಅನುಮಾನಪಟ್ಟಿದ್ದಳು, ಗಂಡನ ಕೈಯನ್ನೂ ಬಿಟ್ಟಿರಲಿಲ್ಲ. ಇದೊಂದು ಕೈಯನ್ನು ಮಾತ್ರ ಯಾವತ್ತೂ ಮೂಸಿ ನೋಡಿರಲಿಲ್ಲ. ಜೀಪಿನಲ್ಲಿ ಅವನ ಎದೆಯ ಮೇಲಿದ್ದದ್ದು ಇದೇ ಕೈ. ನಾಚಿಕೆಯಿಂದ, ಹೆದರಿಕೆಯಿಂದ ಅವಳು ಆ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಅದರ ನಡುವೆಯೇ ಹುಚ್ಚು ಸಂತೋಷವೊಂದು ಎದ್ದಿತು. ತಾನಿರಲಿ ಇಲ್ಲದಿರಲಿ, ಈ ಹುಡುಗ ಬದುಕುತ್ತಾನೆ.

"ಹಿಂಗ ಬೆಳಸೇನಿ," ಎಂದಳು ಸುಂದರಬಾಯಿಗೆ. "ನಿಮ್ಮ ಡಬ್ಬಿ ಮುಚ್ಚರಿ. ದೂರ ಹೋಗಿ ಕುಂದರ್ರಿ."

ಎದ್ದು ಬಿಸಿಲಲ್ಲಿ ನೂರು ಹೆಜ್ಜೆ ನಡೆದು ನಳದ ಕೆಳಗೆ ಕೈ ಹಿಡಿದಳು. ಮಣ್ಣು ಹಚ್ಚಿ ತಿಕ್ಕಿದಳು. ಬಾಯಿ ಮುಕ್ಕಳಿಸಿದಳು. ಸೆರಗನ್ನೂ ನೆನೆಸಿ ಹಿಂಡಿದಳು. ಮಗ ಹೊಡೆದ ಜಾಗ ಮುಂಗೈ ಮೇಲೆ ಕೆಂಪಗೆ ಎದ್ದಿತ್ತು. ವಾಪಸು ಬಂದಾಗ ಅಣವೀರ ತಾಟನ್ನು ಇನ್ನೂ ಮುಚ್ಚಿಕೊಂಡೇ ಕೂತಿದ್ದ. ರೊಟ್ಟಿಯ ಗಂಟಿನಿಂದ ಬೇರೆ ರೊಟ್ಟಿ, ಅವಳು ಮುಟ್ಟದೆ ಅಡಿಯಲ್ಲಿ ಉಳಿದಿದ್ದುದನ್ನು, ಆರಿಸಿ ತೆಗೆದಿಟ್ಟುಕೊಂಡಿದ್ದ. ಹಸ್ತ ತೋರಿಸು ಎಂದು ಕೈ ಮಾಡಿದ.

ಅವಳು ಶಾಲೆಯ ಹುಡುಗಿಯ ಹಾಗೆ ಎರಡೂ ಕೈ ಮುಂದೆ ಚಾಚಿದಳು. ಅವನು ಬಗ್ಗಿ ಒಂದೊಂದೇ ಬೆರಳು ಮೂಸಿದ. ಅವನ ಗದ್ದದಿಂದ ನೀರು ಅವಳ ಅಂಗೈ ಮೇಲೆ ಬೀಳುತ್ತಿತ್ತು.

"ಇನ್ನೂ ಬರಾಕತ್ತದ," ಎಂದ. "ಹೋಗು, ಇನ್ನೊಮ್ಮೆ ತೊಳಕೊಂಡು ಬಾ."

ಕಸ್ತೂರಿಬಾಯಿ ಮರುಮಾತಾಡದೆ ಎದ್ದು ಮತ್ತೆ ನಳದ ಕಡೆ ಹೊರಟಳು.